ಸೋರಿಯಾಸಿಸ್‌ಗೆ ಮುಲಾಮೋ, ಲೈಟೋ, ಮಾತ್ರೆಯೋ, ಇಂಜೆಕ್ಷನ್ನೋ? ಮೊದಲು ಗುರಿ ಗೊತ್ತು ಮಾಡಿಕೊಳ್ಳಿ

"ಸೋರಿಯಾಸಿಸ್‌ಗೆ ಯಾವ ಔಷಧಿ ಒಳ್ಳೇದು?" ಅಂತ ಕೇಳುವುದು, ಮೆಜೆಸ್ಟಿಕ್‌ನಲ್ಲಿ ನಿಂತು ಊರಿನ ಹೆಸರು ಹೇಳದೆ "ಯಾವ ಬಸ್ಸು ಒಳ್ಳೇದು?" ಅಂತ ಕೇಳಿದ ಹಾಗೆ. ಮೊಣಕೈ ಮೇಲೆ ನಾಣ್ಯದಷ್ಟು ಮಚ್ಚೆ ಇರುವವರಿಗೆ ಬೇಕಾದದ್ದು ಒಂದು. ಬೆನ್ನು ತುಂಬಾ ಹೊಟ್ಟು ಎದ್ದು, ತುರಿಕೆಗೆ ರಾತ್ರಿ ನಿದ್ದೆ ಇಲ್ಲದವರಿಗೆ ಬೇಕಾದದ್ದು ಇನ್ನೊಂದು. ಬೆರಳಿನ ಗಂಟು ಊದಿಕೊಂಡವರಿಗೆ ಬೇಕಾದದ್ದು ಪೂರಾ ಬೇರೆ.

ನಮ್ಮ ಕಡೆ ಜಾಸ್ತಿ ಕಾಣುವ ತೊಂದರೆ ಒಂದಿದೆ. ಗುಣ ಕಾಣದಿದ್ದರೆ ಜನ "ಈ ಔಷಧಿ ಬದಲಾಯಿಸಿ" ಅಂತ ಕೇಳುವುದಿಲ್ಲ, ಡಾಕ್ಟರನ್ನೇ ಬದಲಾಯಿಸುತ್ತಾರೆ. ಹೊಸ ಡಾಕ್ಟರ ಕೈಯಲ್ಲಿ ಹಳೇ ಚೀಟಿ ಇರುವುದಿಲ್ಲ. ಅವರು ಮತ್ತೆ ಮುಲಾಮಿನಿಂದಲೇ ಶುರು ಮಾಡುತ್ತಾರೆ. ಕೆಲವು ತಿಂಗಳು ಬಿಟ್ಟು ಇನ್ನೊಬ್ಬರು. ಅಲ್ಲೂ ಅದೇ ಮುಲಾಮು, ಟ್ಯೂಬಿನ ಮೇಲಿನ ಹೆಸರು ಮಾತ್ರ ಬೇರೆ. ಹೀಗೆ ವರ್ಷಗಟ್ಟಲೆ ಓಡಾಡಿಯೂ ಮೊದಲ ಮೆಟ್ಟಿಲು ದಾಟದವರು ಬಹಳ ಜನ ಇದ್ದಾರೆ.

ಅದಕ್ಕೇ ಇಲ್ಲಿ ಪ್ರತಿ ಚಿಕಿತ್ಸೆಯನ್ನೂ ಎರಡು ಪ್ರಶ್ನೆ ಇಟ್ಟುಕೊಂಡು ನೋಡೋಣ. ಎಷ್ಟು ದಿನದಲ್ಲಿ ಎಷ್ಟು ಗುಣ ಕಾಣಬೇಕು? ನಿಮ್ಮ ಕೆಲಸ, ದುಡ್ಡು, ಆಸ್ಪತ್ರೆಯ ದೂರ ಇವೆಲ್ಲದರ ನಡುವೆ ಅದನ್ನು ನಡೆಸಿಕೊಂಡು ಹೋಗಲು ಆಗುತ್ತದಾ?

ಕಾಯಿಲೆ ಬಗ್ಗೆ ಚುಟುಕಾಗಿ

ಮೈಯ ರೋಗನಿರೋಧಕ ವ್ಯವಸ್ಥೆ ಸುಮ್ನೆ ಸುಮ್ನೆ ಕೆರಳಿ, ಚರ್ಮದ ಕೋಶಗಳನ್ನು ಅವಸರಪಡಿಸುತ್ತದೆ. ಸಾಮಾನ್ಯವಾಗಿ ಹೆಚ್ಚುಕಡಿಮೆ ಒಂದು ತಿಂಗಳಲ್ಲಿ ಆಗಬೇಕಾದ ಕೆಲಸ 3ರಿಂದ 5 ದಿನಕ್ಕೇ ಮುಗಿಯುತ್ತದೆ. ಬಲಿಯದ ಕೋಶಗಳು ಒಂದರ ಮೇಲೊಂದು ಕೂತು, ಬೆಳ್ಳಗಿನ ಹೊಟ್ಟಾಗಿ ಉದುರುತ್ತವೆ. ಇದು ಅಂಟುರೋಗ ಅಲ್ಲ. ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಬರುವುದಿಲ್ಲ. ಬುಡಸಮೇತ ವಾಸಿ ಮಾಡುವ ಔಷಧಿ ಇವತ್ತಿಗೂ ಇಲ್ಲ. ಹಾಗಂತ ಜೀವನಪೂರ್ತಿ ಹೊಟ್ಟು ಉದುರಿಸಿಕೊಂಡೇ ಇರಬೇಕು ಅಂತಲೂ ಇಲ್ಲ. ಚರ್ಮ ಪೂರ್ತಿ ತಿಳಿಯಾಗಿ ವರ್ಷಗಳ ಕಾಲ ಹಾಗೇ ಇರುವುದು ಈಗ ಸಾಧ್ಯ. ಈ ಎರಡೂ ಮಾತನ್ನು ಒಟ್ಟಿಗೆ ತಲೆಯಲ್ಲಿ ಇಟ್ಟುಕೊಂಡರೆ, "ಮೂರು ತಿಂಗಳಲ್ಲಿ ಶಾಶ್ವತ ಗುಣ" ಅನ್ನುವ ಬೋರ್ಡುಗಳ ಕಡೆ ಕಾಲು ಹೋಗುವುದಿಲ್ಲ.

ಗುರಿಯನ್ನು ಅಳೆಯುವುದು ಹೇಗೆ

ಓಪಿಡಿಯಲ್ಲಿ ನಡೆಯುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ. "ಹೇಗಿದೆ ಈಗ?" "ಪರವಾಗಿಲ್ಲ ಸಾರ್." ಅಷ್ಟೇ. ಡಾಕ್ಟರು ಹಳೇ ಔಷಧಿಯನ್ನೇ ಮತ್ತೆ ಬರೆಯುತ್ತಾರೆ. ಹೊರಗೆ ಇನ್ನೂ ನಲವತ್ತು ಜನ ಕಾಯುತ್ತಿದ್ದಾರೆ, ಅವರನ್ನು ದೂರಿ ಏನು ಪ್ರಯೋಜನ? ನೀವು ಹೇಳಬೇಕಾದದ್ದು "ಹೋದ ಸಲ ಆರು ಅಂಗೈಯಷ್ಟು ಇತ್ತು, ಈಗ ನಾಲ್ಕು ಅಂಗೈ ಇದೆ" ಅಂತ.

ಅಂಗೈ ಲೆಕ್ಕ ಸುಲಭ. ಬೆರಳೂ ಸೇರಿ ನಿಮ್ಮದೇ ಅಂಗೈ ಅಂದರೆ ಮೈಯ ಚರ್ಮದಲ್ಲಿ ಸುಮಾರು 1%. ಮಚ್ಚೆಗಳೆಲ್ಲ ಸೇರಿ ಮೂರು ಅಂಗೈಗಿಂತ ಕಡಿಮೆ ಇದ್ದರೆ ಸೌಮ್ಯ, ಮೂರರಿಂದ ಹತ್ತು ಮಧ್ಯಮ, ಹತ್ತು ದಾಟಿದರೆ ತೀವ್ರ ಅನ್ನುವುದು ಅಮೆರಿಕದ ಸೋರಿಯಾಸಿಸ್ ಫೌಂಡೇಶನ್ ಬಳಸುವ ಅಳತೆ. ಅದೇ ಸಂಸ್ಥೆ 2016ರಲ್ಲಿ ಒಂದು ಗುರಿಯನ್ನೂ ಹಾಕಿಕೊಟ್ಟಿತು: ಹೊಸ ಚಿಕಿತ್ಸೆ ಶುರು ಮಾಡಿದ ಮೂರು ತಿಂಗಳಿಗೆ ಮಚ್ಚೆ ಒಂದು ಅಂಗೈಗೆ ಇಳಿಯಬೇಕು. ಅಷ್ಟು ಆಗದಿದ್ದರೆ ಮೂರು ಅಂಗೈಗಾದರೂ ಇಳಿಯಬೇಕು, ಇಲ್ಲವೇ ಮೊದಲಿದ್ದದ್ದರಲ್ಲಿ ಮುಕ್ಕಾಲು ಪಾಲು ಹೋಗಿರಬೇಕು. ಯುರೋಪಿನ ತಜ್ಞರು 2011ರಲ್ಲೇ ಹೆಚ್ಚುಕಡಿಮೆ ಇಂಥದ್ದೇ ಮಾತು ಹೇಳಿದ್ದರು. ಮುಕ್ಕಾಲು ಪಾಲು ಹೋದರೆ ಅದೇ ಔಷಧಿ ಮುಂದುವರಿಸಿ, ಅರ್ಧವೂ ಹೋಗದಿದ್ದರೆ ಬದಲಾಯಿಸಿ. ನಡುವೆ ಇದ್ದರೆ ರೋಗಿಯ ದಿನನಿತ್ಯದ ಬದುಕು ಹೇಗಿದೆ ಅಂತ ನೋಡಿ ತೀರ್ಮಾನಿಸಿ.

ಡಾಕ್ಟರುಗಳು ಬಳಸುವ ಅಳತೆಗೆ ಪಾಸಿ ಅಂತ ಹೆಸರು. 0ಯಿಂದ 72ರ ತನಕ ಅಂಕ. ಪಾಸಿ-75 ಅಂದರೆ ಆ ಅಂಕದಲ್ಲಿ 75% ಇಳಿದಿದೆ ಅಂತ, ಪಾಸಿ-90 ಅಂದರೆ 90%. ಬದುಕಿನ ಮೇಲೆ ಆಗುವ ಪೆಟ್ಟನ್ನು ಅಳೆಯಲು ಹತ್ತು ಪ್ರಶ್ನೆಗಳ ಇನ್ನೊಂದು ಪಟ್ಟಿ ಇದೆ, ಡಿಎಲ್‌ಕ್ಯೂಐ ಅಂತಾರೆ. ತುರಿಕೆ, ಮುಜುಗರ, ಬಟ್ಟೆ, ಕೆಲಸ, ಗಂಡ ಹೆಂಡಿರ ಸಂಬಂಧ, ಚಿಕಿತ್ಸೆಗೇ ಹಾಳಾಗುವ ಸಮಯ ಎಲ್ಲ ಅದರಲ್ಲಿ ಬರುತ್ತದೆ. 30ಕ್ಕೆ 10 ದಾಟಿದರೆ ಕಾಯಿಲೆ ಬದುಕನ್ನು ಜೋರಾಗಿಯೇ ಹಿಂಡುತ್ತಿದೆ ಅಂತ ಅರ್ಥ.

ಆದರೆ ಅಂಗೈ ಲೆಕ್ಕ ಮೋಸ ಮಾಡುವ ಜಾಗಗಳಿವೆ. ಎರಡು ಅಂಗೈ, ಎರಡು ಪಾದದಲ್ಲಿ ಬಿರುಕು ಬಿಟ್ಟರೆ ಲೆಕ್ಕಕ್ಕೆ ಅದು ಚಿಕ್ಕದು. ಸಿಮೆಂಟು ಕಲಸುವವರಿಗೆ, ಪಾತ್ರೆ ತೊಳೆಯುವವರಿಗೆ ಕೆಲಸವೇ ನಿಂತುಹೋಗುತ್ತದೆ. ತಲೆ, ಮುಖ, ಉಗುರು, ಗುಪ್ತಾಂಗ ಇವೂ ಹಾಗೇ. ಅಂತರರಾಷ್ಟ್ರೀಯ ಸೋರಿಯಾಸಿಸ್ ಕೌನ್ಸಿಲ್ 2020ರಲ್ಲಿ ಈ ಸೌಮ್ಯ-ತೀವ್ರ ಅನ್ನುವ ವಿಂಗಡಣೆಯನ್ನೇ ಪಕ್ಕಕ್ಕಿಟ್ಟಿತು. ಹತ್ತು ಅಂಗೈ ದಾಟಿರಬೇಕು, ಅಥವಾ ಇಂಥ ಜಾಗಗಳಲ್ಲಿ ಬಂದಿರಬೇಕು, ಅಥವಾ ಮುಲಾಮು ಹಚ್ಚಿ ಸೋತಿರಬೇಕು. ಮೂರರಲ್ಲಿ ಒಂದಿದ್ದರೂ ಮಾತ್ರೆ, ಲೈಟು, ಇಂಜೆಕ್ಷನ್ ಬಗ್ಗೆ ಯೋಚಿಸಬಹುದು ಅಂದಿತು. ನನ್ನ ಮಟ್ಟಿಗೆ ರೋಗಿಗೆ ತುಂಬಾ ಉಪಯೋಗಕ್ಕೆ ಬರುವ ಮಾತು ಇದು. "ನಿಮ್ಮದು ಸ್ವಲ್ಪವೇ ಇದೆ ಬಿಡಿ" ಅಂತ ಸಾಗಹಾಕಿದಾಗ ಎದುರು ಇಡಲು ಒಂದು ಆಧಾರ ಸಿಗುತ್ತದೆ.

ಮುಲಾಮು: ಮೊದಲು ಟ್ಯೂಬಿನ ಲೆಕ್ಕ ಹಾಕಿ

ನಾಲ್ಕೈದು ಅಂಗೈಯೊಳಗೆ ಇದ್ದರೆ ಮುಲಾಮೇ ಸರಿ. ಕ್ಲೊಬೆಟಸಾಲ್, ಮೊಮೆಟಸೋನ್‌ನಂಥ ಸ್ಟಿರಾಯ್ಡ್ ಮುಲಾಮುಗಳು ಬೇಗ ಕೆಲಸ ಮಾಡುತ್ತವೆ. ವಿಟಮಿನ್ ಡಿ ಜಾತಿಗೆ ಸೇರಿದ ಕ್ಯಾಲ್ಸಿಪೊಟ್ರಿಯಾಲ್ ನಿಧಾನ, ಆದರೆ ಚರ್ಮ ತೆಳ್ಳಗೆ ಮಾಡುವುದಿಲ್ಲ. ಎರಡೂ ಸೇರಿದ ಮುಲಾಮನ್ನು ದಿನಕ್ಕೆ ಒಂದೇ ಸಲ ಹಚ್ಚಿದರೆ ಸಾಕು. ಹಾಗಾಗಿ ಬಹಳ ಜನ ಅದನ್ನು ಬಿಡದೆ ಹಚ್ಚುತ್ತಾರೆ, ಬೆಲೆ ಮಾತ್ರ ಜಾಸ್ತಿ. ಮುಖಕ್ಕೆ, ತೊಡೆಸಂದಿಗೆ ಜೋರು ಸ್ಟಿರಾಯ್ಡ್ ಬೇಡ. ಅಲ್ಲಿಗೆ ಸ್ಟಿರಾಯ್ಡ್ ಅಲ್ಲದ ಟ್ಯಾಕ್ರೊಲಿಮಸ್ ಮುಲಾಮು ಕೊಡುತ್ತಾರೆ. ತಲೆಗೆ ಲೋಶನ್, ಟಾರ್ ಶಾಂಪೂ. ದಪ್ಪ ಹೊಟ್ಟು ಇದ್ದರೆ ಸ್ಯಾಲಿಸಿಲಿಕ್ ಆಸಿಡ್. ಆದರೆ ಇದನ್ನು ಕ್ಯಾಲ್ಸಿಪೊಟ್ರಿಯಾಲ್ ಜೊತೆ ಒಂದೇ ಹೊತ್ತಿಗೆ ಹಚ್ಚಬೇಡಿ, ಅದರ ಶಕ್ತಿಯನ್ನೇ ಇದು ಕೊಂದುಹಾಕುತ್ತದೆ.

ಈಗ ಲೆಕ್ಕ. ತೋರುಬೆರಳಿನ ತುದಿಯಿಂದ ಮೊದಲ ಗೆರೆವರೆಗೆ ಒಂದು ಸಾಲು ಮುಲಾಮು ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅದು ಎರಡು ಅಂಗೈ ಜಾಗಕ್ಕೆ ಸಾಕು. ನಿಮಗೆ ಆರು ಅಂಗೈಯಷ್ಟು ಇದೆ ಅನ್ನಿ. ಒಂದು ಸಲಕ್ಕೆ ಒಂದೂವರೆ ಗ್ರಾಂ, ದಿನಕ್ಕೆ ಎರಡು ಸಲ ಅಂದರೆ ಮೂರು ಗ್ರಾಂ. 30 ಗ್ರಾಂ ಟ್ಯೂಬು ಹತ್ತೇ ದಿನಕ್ಕೆ ಖಾಲಿ ಆಗಬೇಕು. ಆ ಟ್ಯೂಬು ಎರಡು ತಿಂಗಳು ಬಂದಿದ್ದರೆ "ಮುಲಾಮು ಕೆಲಸ ಮಾಡಲಿಲ್ಲ" ಅನ್ನುವ ಹಾಗಿಲ್ಲ, ಅಲ್ವಾ? ಹನ್ನೆರಡು ಅಂಗೈ ಇದ್ದರೆ ವಾರಕ್ಕೆ 42 ಗ್ರಾಂ ಬೇಕು. ಕ್ಲೊಬೆಟಸಾಲ್‌ಗೆ ವಾರಕ್ಕೆ 50 ಗ್ರಾಂ ದಾಟಬಾರದು, ಎರಡು ವಾರಕ್ಕಿಂತ ಹೆಚ್ಚು ಒಂದೇ ಸಮನೆ ಹಚ್ಚಬಾರದು ಅನ್ನುವ ಮಿತಿ ಇದೆ. ಅಂದರೆ ಮೈ ತುಂಬಾ ಇರುವವರಿಗೆ ಬರೀ ಮುಲಾಮು ಯಾಕೆ ಆಗಿಬರುವುದಿಲ್ಲ ಅಂತ ಟ್ಯೂಬೇ ಹೇಳುತ್ತದೆ.

ನಾಲ್ಕು ವಾರ ಸರಿಯಾಗಿ ಹಚ್ಚಿಯೂ ಏನೂ ಕಾಣದಿದ್ದರೆ ಡಾಕ್ಟರಿಗೆ ಹೇಳಿ.

ಲೈಟ್ ಟ್ರೀಟ್‌ಮೆಂಟ್: ಔಷಧಿ ಅಗ್ಗ, ಓಡಾಟ ದುಬಾರಿ

ಇದಕ್ಕೆ 311 ನ್ಯಾನೋಮೀಟರಿನ ಕಿರಣ ಬಿಡುವ ಟ್ಯೂಬ್‌ಲೈಟುಗಳ ಪೆಟ್ಟಿಗೆಯೊಳಗೆ ನಿಲ್ಲಿಸುತ್ತಾರೆ. ಮೊದಲ ದಿನ ಕೆಲವೇ ಸೆಕೆಂಡು, ಆಮೇಲೆ ನಿಧಾನವಾಗಿ ಏರಿಸುತ್ತಾರೆ. ಒಳ್ಳೇ ಫಲ ಇದೆ, ರಕ್ತ ಪರೀಕ್ಷೆಯ ಗೋಜಿಲ್ಲ, ಬಸುರಿಯರಿಗೂ ಕೊಡಬಹುದು. ಸೋರಿಯಾಸಿಸ್ ಜೊತೆ ಕೆಲವರಿಗೆ ಬರುವ ಸಂಧಿನೋವಿಗೆ ಮಾತ್ರ ಉಪಯೋಗ ಇಲ್ಲ. ತಲೆಗೂದಲಿನ ಕೆಳಗೆ ಬೆಳಕು ಇಳಿಯುವುದಿಲ್ಲ.

ತೊಡಕು ಇರುವುದು ಬೇರೆ ಕಡೆ. ವಾರಕ್ಕೆ ಮೂರು ಸಲ, ಹತ್ತು ವಾರ ಅಂದರೆ ಮೂವತ್ತು ಸಲ ಆಸ್ಪತ್ರೆಗೆ ಹೋಗಬೇಕು. ಪೆಟ್ಟಿಗೆಯೊಳಗೆ ಇರುವುದು ಕೆಲವೇ ನಿಮಿಷ. ಆದರೆ ಯಂತ್ರ ಇರುವುದು ಹೆಚ್ಚಾಗಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ, ಇಲ್ಲ ಜಿಲ್ಲಾ ಕೇಂದ್ರದ ಖಾಸಗಿ ಕ್ಲಿನಿಕ್ಕಿನಲ್ಲಿ. ಹೋಬಳಿಯಿಂದ ಬರುವ ಕೂಲಿಯವರಿಗೆ ಪ್ರತಿ ಸಲವೂ ಅರ್ಧ ದಿನ ಹೋದರೆ, ಒಟ್ಟು ಹದಿನೈದು ದಿನದ ಕೂಲಿ ಹೋಯಿತು. ಆಸ್ಪತ್ರೆಯಲ್ಲಿ ಬಿಟ್ಟಿಯಾಗಿ ಕೊಟ್ಟರೂ ಇದು ದುಬಾರಿಯೇ. ಬೆಂಗಳೂರಿನಲ್ಲಿ ಆಸ್ಪತ್ರೆ ಪಕ್ಕದಲ್ಲೇ ಆಫೀಸು ಇರುವವರಿಗೆ, ಕಾಲೇಜು ಹುಡುಗರಿಗೆ, ಮಗು ಬೇಕು ಅಂತಿರುವ ಹೆಣ್ಣುಮಕ್ಕಳಿಗೆ ನಾನು ಮೊದಲು ಹೇಳುವುದು ಇದನ್ನೇ. ದೂರದವರು ಮನೆಯಲ್ಲೇ ಇಟ್ಟುಕೊಳ್ಳುವ ಯಂತ್ರದ ಬಗ್ಗೆ ವಿಚಾರಿಸಬಹುದು. ಆದರೆ ಎಷ್ಟು ಹೊತ್ತು ಅನ್ನುವುದನ್ನು ಡಾಕ್ಟರೇ ಹೇಳಬೇಕು. ಮೈ ಸುಟ್ಟುಕೊಂಡರೆ ಆ ಜಾಗದಲ್ಲೇ ಹೊಸ ಮಚ್ಚೆ ಏಳಬಹುದು.

ಮಾತ್ರೆ: ವಾರದ ಮಾತ್ರೆಯನ್ನು ದಿನಾ ನುಂಗಬೇಡಿ

ಮೆಥೊಟ್ರೆಕ್ಸೇಟ್ ಹಳೇ ಔಷಧಿ. ಅಮೆರಿಕದಲ್ಲಿ 1972ರಲ್ಲೇ ಸೋರಿಯಾಸಿಸ್‌ಗೆ ಒಪ್ಪಿಗೆ ಪಡೆದದ್ದು. ಅಗ್ಗ, ಎಲ್ಲ ಊರಲ್ಲೂ ಸಿಗುತ್ತದೆ, ಸಂಧಿನೋವಿಗೂ ಆಗುತ್ತದೆ. ಆರು ಅಂಗೈ ದಾಟಿದ, ದುಡ್ಡಿಗೆ ತೊಂದರೆ ಇರುವ ಗಂಡಸು ಹೆಂಗಸರಿಗೆ ಇವತ್ತಿಗೂ ಇದೇ ಸರಿಯಾದ ಮುಂದಿನ ಹೆಜ್ಜೆ ಅನ್ನುವುದು ನನ್ನ ಅಭಿಪ್ರಾಯ. ಹೆಸರಿಗೇ ಹೆದರಿ ಬಿಡುವವರು ಬಹಳ. ಅಂತರ್ಜಾಲದಲ್ಲಿ ಹುಡುಕಿದರೆ "ಕ್ಯಾನ್ಸರ್ ಔಷಧಿ" ಅಂತ ಬರುತ್ತದೆ. ನಿಜ, ಆದರೆ ಸೋರಿಯಾಸಿಸ್‌ಗೆ ಕೊಡುವ ಪ್ರಮಾಣ ಅದಕ್ಕಿಂತ ಎಷ್ಟೋ ಕಡಿಮೆ.

ಹೆದರಬೇಕಾದ ವಿಷಯ ಇನ್ನೊಂದಿದೆ. ಈ ಮಾತ್ರೆಯನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ಚೀಟಿಯಲ್ಲಿ ಗೀಚಿದ್ದನ್ನು ಅಂಗಡಿಯವರು "ದಿನಾ ಒಂದು" ಅಂತ ಓದಿ ಹೇಳಿದರೆ, ಬಾಯಿ ಹುಣ್ಣಾಗಿ, ರಕ್ತಕಣಗಳು ಕುಸಿದು ಪ್ರಾಣಕ್ಕೇ ಕುತ್ತು. ಬೇರೆ ಬೇರೆ ದೇಶಗಳಲ್ಲಿ ಇದರಿಂದ ಸಾವುಗಳೇ ಆಗಿವೆ. ಅದಕ್ಕೆ ವಾರ ಗೊತ್ತು ಮಾಡಿಕೊಳ್ಳಿ. ಭಾನುವಾರ ಅಂದರೆ ಭಾನುವಾರವೇ. ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರಕ್ಕೆ ಗುರುತು ಹಾಕಿ, ನುಂಗಿದ ಮೇಲೆ ಗೀಟು ಎಳೆಯಿರಿ. ಜೊತೆಗೆ ಕೊಡುವ ಫೋಲಿಕ್ ಆಸಿಡ್ ಬೇರೆ ದಿನಕ್ಕೆ, ಬೇರೆ ಡಬ್ಬಿಯಲ್ಲಿ. ಮನೆಯಲ್ಲಿ ಇನ್ನೊಬ್ಬರಿಗೂ ಈ ವಿಷಯ ಗೊತ್ತಿರಲಿ, ಅದರಲ್ಲೂ ಅಪ್ಪ ಅಮ್ಮನ ಮಾತ್ರೆ ನೋಡಿಕೊಳ್ಳುವವರಿಗೆ. ರಕ್ತ, ಲಿವರ್, ಕಿಡ್ನಿ ಪರೀಕ್ಷೆಯನ್ನು ಹೇಳಿದ ದಿನಕ್ಕೆ ಮಾಡಿಸಬೇಕು. ಕುಡಿಯುವ ಅಭ್ಯಾಸ ಇದ್ದರೆ ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ಬಸುರಿಯರಿಗೆ ಇದು ಕೂಡದು. ಮಗು ಬೇಕು ಅಂತಿರುವ ಗಂಡಸರೂ ಮೊದಲೇ ಕೇಳಿಕೊಳ್ಳಬೇಕು. ಫಲ ಕಾಣಲು ಎರಡರಿಂದ ನಾಲ್ಕು ತಿಂಗಳು ಬೇಕು. ಮೂರನೇ ವಾರಕ್ಕೆ "ಇದೂ ಆಗಲಿಲ್ಲ" ಅಂತ ಬಿಡುವುದು ದುಡುಕು.

ಸೈಕ್ಲೋಸ್ಪೊರಿನ್ ಬೇಗ ಕೆಲಸ ಮಾಡುತ್ತದೆ, ಕೆಲವೇ ವಾರಗಳಲ್ಲಿ. ಆದರೆ ಬಿಪಿ ಏರಿಸುತ್ತದೆ, ಕಿಡ್ನಿಗೆ ಭಾರ. ಕಾಯಿಲೆ ಕೈಮೀರಿದಾಗ ಕೆಲವು ತಿಂಗಳ ಮಟ್ಟಿಗೆ ಕೊಡುವ ಔಷಧಿ ಅದು. ಅಸಿಟ್ರೆಟಿನ್ ಅಂಗೈ-ಅಂಗಾಲಿಗೆ, ಕೀವುಗುಳ್ಳೆ ಏಳುವ ಜಾತಿಯ ಸೋರಿಯಾಸಿಸ್‌ಗೆ ಚೆನ್ನ. ತುಟಿ ಒಣಗುತ್ತದೆ. ಮುಂದೆ ಮಗು ಹೆರಬೇಕಾದ ಹೆಣ್ಣುಮಕ್ಕಳು ಇದನ್ನು ಮುಟ್ಟಲೇಬಾರದು. ನಿಲ್ಲಿಸಿದ ಮೇಲೂ ಮೂರು ವರ್ಷ ಬಸುರಿ ಆಗುವಂತಿಲ್ಲ. ಮದುವೆ ಮಾತುಕತೆ ನಡೆಯುತ್ತಿರುವ ಹುಡುಗಿಗೆ ಈ ವಿಷಯ ಹೇಳದೆ ಚೀಟಿ ಬರೆದರೆ ಅದು ಅನ್ಯಾಯ.

ಅಪ್ರೆಮಿಲಾಸ್ಟ್‌ಗೆ ಪದೇ ಪದೇ ರಕ್ತ ಪರೀಕ್ಷೆ ಬೇಡ. ಮೊದಲ ವಾರಗಳಲ್ಲಿ ವಾಕರಿಕೆ, ಭೇದಿ ಆಗಬಹುದು. ಕೆಲವರಿಗೆ ಮನಸ್ಸು ಕುಗ್ಗುತ್ತದೆ. ಪಾಸಿ-75 ಮುಟ್ಟುವುದು ಸುಮಾರು ಮೂವರಲ್ಲಿ ಒಬ್ಬರು. ಲ್ಯಾಬಿಗೆ ಓಡಾಡಲು ಆಗದವರಿಗೆ, ಲಿವರ್ ಸರಿ ಇಲ್ಲದವರಿಗೆ ಇದು ಒಂದು ದಾರಿ.

ಇಂಜೆಕ್ಷನ್: ಫಲ ದೊಡ್ಡದು, ಬಿಲ್ಲೂ ದೊಡ್ಡದು

ಬಯಾಲಾಜಿಕ್ ಅನ್ನುವ ಇಂಜೆಕ್ಷನ್‌ಗಳು ರೋಗನಿರೋಧಕ ವ್ಯವಸ್ಥೆಯಲ್ಲಿ ಕೆರಳಿರುವ ಒಂದೊಂದು ಕೊಂಡಿಯನ್ನು ಗುರಿ ಇಟ್ಟು ಹಿಡಿಯುತ್ತವೆ. ಯುರೋಪ್ ಮತ್ತು ಕೆನಡಾದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಂಥ ಒಂದು ಇಂಜೆಕ್ಷನ್ನನ್ನೂ ಮೆಥೊಟ್ರೆಕ್ಸೇಟನ್ನೂ ಮುಖಾಮುಖಿ ನಿಲ್ಲಿಸಿತ್ತು. 16 ವಾರಕ್ಕೆ ಪಾಸಿ-75 ಮುಟ್ಟಿದವರು ಅಡಾಲಿಮುಮ್ಯಾಬ್ ಇಂಜೆಕ್ಷನ್ನಿನಲ್ಲಿ ಸುಮಾರು 80%, ಮೆಥೊಟ್ರೆಕ್ಸೇಟ್‌ನಲ್ಲಿ 36%, ಹೋಲಿಕೆಗೆಂದು ಕೊಟ್ಟ ಹುಸಿ ಔಷಧಿಯಲ್ಲಿ 19%. ಆಮೇಲೆ ಬಂದ ಸೆಕುಕಿನುಮ್ಯಾಬ್‌ನಂಥವು ಪಾಸಿ-90ರ ಮಾತಾಡುತ್ತವೆ. ಅರ್ಧಕ್ಕಿಂತ ಹೆಚ್ಚು ಜನ ಅದನ್ನೂ ಮುಟ್ಟುತ್ತಾರೆ.

ಭಾರತಕ್ಕೆ ಇದರಲ್ಲಿ ಹೇಳಿಕೊಳ್ಳುವ ಪಾಲಿದೆ. ಬೆಂಗಳೂರಿನ ಬಯೋಕಾನ್ 2013ರಲ್ಲಿ ಇಟೊಲಿಝುಮ್ಯಾಬ್ ಅನ್ನು ಸೋರಿಯಾಸಿಸ್‌ಗೆಂದೇ ಮಾರುಕಟ್ಟೆಗೆ ತಂದಿತು. ಅಡಾಲಿಮುಮ್ಯಾಬ್‌ಗೆ ಸಮಾನವಾದ ಅಗ್ಗದ ಇಂಜೆಕ್ಷನ್ ಪ್ರಪಂಚದಲ್ಲೇ ಮೊದಲು ಬಂದದ್ದು 2014ರ ಕೊನೆಯಲ್ಲಿ, ಅಹಮದಾಬಾದಿನ ಝೈಡಸ್‌ನಿಂದ. ಅಗ್ಗ ಅಂದರೂ ಸಾವಿರಗಟ್ಟಲೆ ಲೆಕ್ಕವೇ. ಮತ್ತೆ ಇದು ಒಂದು ಸಲ ಚುಚ್ಚಿಸಿ ಮುಗಿಸುವ ಇಂಜೆಕ್ಷನ್ ಅಲ್ಲ. ನಿಲ್ಲಿಸಿದರೆ ಬಹಳ ಜನರಿಗೆ ಕಾಯಿಲೆ ವಾಪಸ್ ಬರುತ್ತದೆ. ಒಡವೆ ಅಡವಿಟ್ಟು ಮೂರು ಇಂಜೆಕ್ಷನ್ ತೆಗೆದುಕೊಂಡು ನಿಲ್ಲಿಸುವ ಬದಲು, ಮೆಥೊಟ್ರೆಕ್ಸೇಟ್ ಅನ್ನು ವರ್ಷವಿಡೀ ಸರಿಯಾಗಿ ನುಂಗುವುದು ಮೇಲು. ಒಂದು ವರ್ಷಕ್ಕೆ ಒಟ್ಟು ಎಷ್ಟಾಗುತ್ತದೆ ಅಂತ ಮೊದಲೇ ಬರೆಸಿಕೊಳ್ಳಿ. ಆರೋಗ್ಯ ವಿಮೆ ಇದ್ದರೆ, ಈ ಇಂಜೆಕ್ಷನ್ನಿಗೆ ಕೊಡುತ್ತಾರಾ ಅಂತ ಇಮೇಲಿನಲ್ಲೇ ಕೇಳಿ ಉತ್ತರ ಇಟ್ಟುಕೊಳ್ಳಿ. ಹೊರರೋಗಿ ಖರ್ಚನ್ನು ಸಾಮಾನ್ಯ ಪಾಲಿಸಿಗಳು ಕೊಡುವುದಿಲ್ಲ.

ಟಿಬಿಯ ವಿಷಯ ನಮ್ಮ ದೇಶದಲ್ಲಿ ಮರೆಯುವಂತಿಲ್ಲ. ಒಳಗೆ ಮಲಗಿರುವ ಟಿಬಿಯನ್ನು ಇಂಥ ಇಂಜೆಕ್ಷನ್, ಅದರಲ್ಲೂ ಅಡಾಲಿಮುಮ್ಯಾಬ್ ಜಾತಿಯದು, ಎಬ್ಬಿಸಬಹುದು. ಎದೆಯ ಎಕ್ಸ್‌ರೇ, ಟಿಬಿ ಪರೀಕ್ಷೆ, ಹೆಪಟೈಟಿಸ್ ಪರೀಕ್ಷೆ ಇಲ್ಲದೆ ಯಾರಾದರೂ ಚುಚ್ಚಲು ಬಂದರೆ ಎದ್ದು ಬನ್ನಿ.

ದಾರಿಗೆ ಅಡ್ಡ ಬರುವುದು

ವಿಶ್ವ ಆರೋಗ್ಯ ಸಂಸ್ಥೆ 2014ರ ನಿರ್ಣಯದಲ್ಲಿ ಸೋರಿಯಾಸಿಸ್ ರೋಗಿಗಳು ಸುಮ್ಮನೆ ನರಳುವುದಕ್ಕೆ ಕಾರಣಗಳನ್ನು ಹೆಸರಿಸಿತ್ತು: ರೋಗ ತಪ್ಪಾಗಿ ಅಥವಾ ತಡವಾಗಿ ಗೊತ್ತಾಗುವುದು, ಸಾಕಾಗದ ಚಿಕಿತ್ಸೆ, ಕೈಗೆಟುಕದ ಆರೈಕೆ. ನಮ್ಮಲ್ಲಿ ಇವು ಹೇಗೆ ಬರುತ್ತವೆ ನೋಡಿ.

ಮೊದಲನೇದು ಮೆಡಿಕಲ್ ಶಾಪ್. ಮಚ್ಚೆ ತೋರಿಸಿದರೆ ಅಂಗಡಿಯವರು ಸ್ಟಿರಾಯ್ಡು, ಫಂಗಸ್ ಔಷಧಿ, ಆಂಟಿಬಯಾಟಿಕ್ ಎಲ್ಲ ಕಲಸಿದ ಟ್ಯೂಬು ಕೊಡುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟಿರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಮಾರಾಟ ನಡೆಯುತ್ತಲೇ ಇದೆ. ಇದಕ್ಕಿಂತ ಅಪಾಯದ್ದು ಸ್ಟಿರಾಯ್ಡ್ ಮಾತ್ರೆ, ಸ್ಟಿರಾಯ್ಡ್ ಇಂಜೆಕ್ಷನ್. ಮೂರೇ ದಿನಕ್ಕೆ ಮೈ ನುಣ್ಣಗಾಗುತ್ತದೆ, ಡಾಕ್ಟರು ದೇವರಾಗುತ್ತಾರೆ. ನಿಲ್ಲಿಸಿದಾಗ ಮೈಯೆಲ್ಲ ಕೆಂಪಾಗಿ, ಕೀವುಗುಳ್ಳೆ ಎದ್ದು ಆಸ್ಪತ್ರೆ ಸೇರಬೇಕಾಗಬಹುದು. ಹೆಸರಿಲ್ಲದ ಪುಡಿ, ಲೇಬಲ್ ಇಲ್ಲದ ಮಾತ್ರೆ ಯಾರು ಕೊಟ್ಟರೂ, ಅಷ್ಟು ಬೇಗ ಗುಣವಾದರೆ ಖುಷಿಗಿಂತ ಅನುಮಾನ ಮೊದಲು ಬರಬೇಕು.

ಎರಡನೇದು ಪಥ್ಯ. ಬದನೆಕಾಯಿ ನಂಜು, ಮೀನು ನಂಜು, ಕಡಲೆ ನಂಜು ಅಂತ ಒಂದೊಂದೇ ಬಿಡಿಸಿ ಕೊನೆಗೆ ಗಂಜಿ-ಉಪ್ಪಿಗೆ ತಂದು ನಿಲ್ಲಿಸುತ್ತಾರೆ. ಇವನ್ನು ಬಿಟ್ಟರೆ ಸೋರಿಯಾಸಿಸ್ ಹೋಗುತ್ತದೆ ಅನ್ನಲು ಆಧಾರ ಇಲ್ಲ. ಆಧಾರ ಇರುವುದು ತೂಕ ಜಾಸ್ತಿ ಇದ್ದವರು ಇಳಿಸುವುದಕ್ಕೆ, ಕುಡಿತ ಮತ್ತು ಬೀಡಿ-ಸಿಗರೇಟು ಬಿಡುವುದಕ್ಕೆ. ಬದನೆಕಾಯಿ ಬಿಟ್ಟು ಬೀಡಿ ಸೇದುವವರಿಗೆ ಇನ್ನೇನು ಹೇಳುವುದು! ಚರ್ಮದ ಕಾಯಿಲೆಯನ್ನು ನಾಗದೋಷಕ್ಕೆ ಕಟ್ಟುವವರೂ ಇದ್ದಾರೆ. ಕುಕ್ಕೆಗೆ ಹೋಗಿ ಬನ್ನಿ, ಹರಕೆ ತೀರಿಸಿ, ಯಾರೂ ಬೇಡ ಅನ್ನುವುದಿಲ್ಲ. ಭಾನುವಾರದ ಮಾತ್ರೆ ಮಾತ್ರ ಬ್ಯಾಗಿನಲ್ಲಿ ಇರಲಿ.

ಮೂರನೇದು ಮುಚ್ಚಿಡುವುದು. ಕ್ಷೌರದಂಗಡಿಯಲ್ಲಿ ಮುಖ ಸಿಂಡರಿಸುತ್ತಾರೆ ಅಂತ ಹೋಗುವುದಿಲ್ಲ. ಕಪ್ಪು ಅಂಗಿ ಹಾಕುವುದಿಲ್ಲ, ಭುಜದ ಮೇಲೆ ಹೊಟ್ಟು ಕಾಣುತ್ತದೆ. ಬೇಸಿಗೆಯಲ್ಲೂ ತುಂಬುತೋಳು. ಗುಪ್ತಾಂಗದಲ್ಲಿ ಇದ್ದರಂತೂ ಗಂಡಸರು ಲೇಡಿ ಡಾಕ್ಟರಿಗೆ, ಹೆಂಗಸರು ಗಂಡು ಡಾಕ್ಟರಿಗೆ ತೋರಿಸುವುದೇ ಇಲ್ಲ. ಬಾಯಲ್ಲಿ ಹೇಳಲು ಆಗದಿದ್ದರೆ ಚೀಟಿಯಲ್ಲಿ ಬರೆದು ಕೊಡಿ. ಮನಸ್ಸು ಕುಗ್ಗಿದ್ದರೆ, ಬದುಕೇ ಬೇಡ ಅನಿಸುತ್ತಿದ್ದರೆ ಅದನ್ನೂ ಹೇಳಲೇಬೇಕು. ಅದಕ್ಕೂ ಚಿಕಿತ್ಸೆ ಇದೆ. ಅಪ್ರೆಮಿಲಾಸ್ಟ್‌ನಂಥ ಔಷಧಿ ಆರಿಸುವಾಗ ಡಾಕ್ಟರಿಗೆ ಅದು ಗೊತ್ತಿರಬೇಕು.

ನಾಲ್ಕನೇದು ಯಾರೂ ಕೇಳದೆ ಉಳಿಯುವ ಸಂಧಿನೋವು. ಬೆಳಗ್ಗೆ ಎದ್ದಾಗ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬೆರಳು ಮಡಚಲು ಆಗುವುದಿಲ್ಲವಾ? ಒಂದು ಬೆರಳು ಪೂರ್ತಿ ಊದಿಕೊಂಡಿದೆಯಾ? ಹಿಮ್ಮಡಿ ನೋವಾ? ಉಗುರಿನಲ್ಲಿ ಸೂಜಿ ಚುಚ್ಚಿದಂಥ ಗುಳಿಗಳಾ? ಚರ್ಮದ ಡಾಕ್ಟರಿಗೆ ಇದು ಸಂಬಂಧವಿಲ್ಲದ ವಿಷಯ ಅಂತ ಜನ ಹೇಳುವುದಿಲ್ಲ, ಮೂಳೆ ಡಾಕ್ಟರ ಹತ್ತಿರ ಹೋಗಿ ನೋವಿನ ಮಾತ್ರೆ ತರುತ್ತಾರೆ. ಸಂಧಿ ಒಮ್ಮೆ ಸವೆದು ಸೊಟ್ಟಗಾದರೆ ಮತ್ತೆ ನೆಟ್ಟಗಾಗುವುದಿಲ್ಲ. ಸಂಧಿ ಹಿಡಿದಿದೆ ಅಂತಾದರೆ ಮೇಲಿನ ಹೋಲಿಕೆಯೇ ಬದಲಾಗುತ್ತದೆ. ಮುಲಾಮು, ಲೈಟು ಎರಡೂ ಸಾಲುವುದಿಲ್ಲ. ಮೆಥೊಟ್ರೆಕ್ಸೇಟ್, ಅದು ಸಾಲದಿದ್ದರೆ ಇಂಜೆಕ್ಷನ್ ಬೇಕಾಗುತ್ತದೆ.

ಮುಂದಿನ ಸಲ ಹೋಗುವಾಗ

ಒಂದು ಫೈಲು ಮಾಡಿ. ಹಳೇ ಚೀಟಿ, ಖಾಲಿ ಟ್ಯೂಬು, ರಕ್ತದ ರಿಪೋರ್ಟು, ತಿಂಗಳಿಗೊಂದು ಫೋಟೋ. ಯಾವ ಔಷಧಿ ಯಾವಾಗ ಶುರು, ಯಾವಾಗ ನಿಲ್ಲಿಸಿದ್ದು, ಯಾಕೆ ನಿಲ್ಲಿಸಿದ್ದು ಅಂತ ಒಂದು ಹಾಳೆಯಲ್ಲಿ ಬರೆದಿಡಿ. ಬಿಪಿಗೆ, ಮನಸ್ಸಿನ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಬರೆಯಿರಿ. ಬೀಟಾ ಬ್ಲಾಕರ್, ಲಿಥಿಯಂನಂಥವು ಸೋರಿಯಾಸಿಸ್ ಕೆರಳಿಸಬಹುದು. ನೀವಾಗಿ ನಿಲ್ಲಿಸಬೇಡಿ, ಕೇಳಿ. ಡಾಕ್ಟರನ್ನು ಬದಲಾಯಿಸಲೇಬೇಕಾಗಿ ಬಂದರೂ ಈ ಫೈಲು ಕೈಯಲ್ಲಿದ್ದರೆ ಮತ್ತೆ ಮೊದಲ ಮೆಟ್ಟಿಲಿಗೆ ಇಳಿಯಬೇಕಾಗಿಲ್ಲ. ಎದ್ದು ಬರುವ ಮುಂಚೆ ಕೇಳಬೇಕಾದ್ದು ಒಂದೇ: "ಡಾಕ್ಟ್ರೇ, ಇದು ಎಷ್ಟು ದಿನಕ್ಕೆ ಎಷ್ಟು ಕಡಿಮೆ ಆಗಬೇಕು? ಆಗದಿದ್ದರೆ ಮುಂದೇನು?" ಉತ್ತರವನ್ನು ಚೀಟಿಯ ಹಿಂದೆ, ತಾರೀಖು ಹಾಕಿ ಬರೆದುಕೊಳ್ಳಿ.

ಮೈಯೆಲ್ಲ ಕೆಂಪಾಗಿ ಚಳಿ ಹಿಡಿದರೆ, ಜ್ವರದ ಜೊತೆ ಕೀವುಗುಳ್ಳೆ ಎದ್ದರೆ, ಅಥವಾ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಿಗೆ ಬಾಯಿ ಹುಣ್ಣು, ಜ್ವರ, ಒಣಕೆಮ್ಮು ಬಂದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಿ.